ಸತ್ತ ಬ್ಯಾಟರಿಗೂ ಒಂದು ಬೆಲೆ ಇರಲಿ

ಭಾಗ 1/7 🔋 ಒಂದೇ ಮನೆ, ಎರಡು ಬ್ಯಾಟರಿ

ಆಯುಧ ಪೂಜೆಗೆ ಮನೆ ಕ್ಲೀನ್ ಮಾಡೋವಾಗ ನಮ್ಮನೇಲಿ ಎರಡು ಸತ್ತ ಬ್ಯಾಟರಿ ಲೆಕ್ಕಕ್ಕೆ ಬಂದವು. ಒಂದು, ಐದಾರು ವರ್ಷ ದುಡಿದು ಕೈಕೊಟ್ಟ ಯುಪಿಎಸ್ ಬ್ಯಾಟರಿ. ಇನ್ನೊಂದು, ನಾನು ಪಿಯುಸಿಯಲ್ಲಿ ಕೊಂಡಿದ್ದ, ಈಗ ಹೊಟ್ಟೆ ಊದಿಸಿಕೊಂಡು ಡ್ರಾಯರ್ ಮೂಲೆಯಲ್ಲಿ ಕೂತಿದ್ದ ಪವರ್ ಬ್ಯಾಂಕ್.

ಯುಪಿಎಸ್ ಬ್ಯಾಟರಿಗೆ ಅಪ್ಪ ಒಂದು ಫೋನ್ ಮಾಡಿದರು, ಅಷ್ಟೇ. ಅಂಗಡಿಯವರು ಹೊಸದನ್ನ ಇಳಿಸಿ, ಹಳೇದನ್ನ ಇಬ್ಬರು ಹೊತ್ಕೊಂಡು ಹೋದರು. ಬಿಲ್‌ನಲ್ಲಿ ಹಳೇ ಬ್ಯಾಟರಿ ಲೆಕ್ಕಕ್ಕೆ ಸಾವಿರಗಟ್ಟಲೆ ಕಡಿಮೆ. ಸತ್ತ ಮೇಲೂ ಮರ್ಯಾದೆ!

ಪವರ್ ಬ್ಯಾಂಕನ್ನ ನಾನು ಹಳೇ ಪೇಪರ್ ಜೊತೆ ಗುಜರಿ ಅಂಗಡಿಗೆ ತಗೊಂಡು ಹೋದೆ. ಅಲ್ಲಿನ ಅಣ್ಣ ಪೇಪರ್ ತೂಕಕ್ಕೆ ಹಾಕಿದರು. ಪವರ್ ಬ್ಯಾಂಕ್ ನೋಡಿ ಕೈಯನ್ನೇ ಚಾಚಲಿಲ್ಲ. "ಇದು ಬೇಡ ಕಣಪ್ಪ, ಹೊತ್ಕೊಂಡ್‌ಬಿಡುತ್ತೆ" ಅಂದರು. ಮನೆಗೆ ವಾಪಸ್ ತಂದರೆ ಅಮ್ಮ, "ಹೋಗಲಿ ಬಿಡು, ಒಣ ಕಸಕ್ಕೆ ಹಾಕು, ಬೆಳಿಗ್ಗೆ ಆಟೋ ಬರುತ್ತೆ" ಅಂದರು.

ನಿಜ ಹೇಳ್ತೀನಿ, ಹಾಕೋಕೆ ಹೊರಟೂ ಇದ್ದೆ. ಆಮೇಲೆ ತಲೆಗೆ ಹೊಳೀತು: ದಿನಾ ಕಬ್ಬಿಣ, ಗಾಜು ಎಲ್ಲಾ ಮುಟ್ಟೋ ಗುಜರಿ ಅಣ್ಣನೇ ಹೆದರಿದ ವಸ್ತುನ, ನಾನು ಕೈಗವಸೂ ಇಲ್ಲದೆ ಕಸ ಬೇರೆ ಮಾಡೋ ಅಕ್ಕನ ಕೈಗೆ ಕೊಡ್ತಾ ಇದ್ದೀನಲ್ಲ?

ಎರಡೂ ಬ್ಯಾಟರಿನೇ. ಒಂದನ್ನ ದುಡ್ಡು ಕೊಟ್ಟು ಹೊತ್ಕೊಂಡು ಹೋಗ್ತಾರೆ, ಇನ್ನೊಂದನ್ನ ಪುಕ್ಕಟೆ ಕೊಟ್ಟರೂ ಬೇಡ ಅಂತಾರೆ. ಯಾಕೆ? ಇದಕ್ಕೆ ಉತ್ತರ ಅರ್ಧ ಕೆಮಿಸ್ಟ್ರಿಯಲ್ಲಿದೆ, ಅರ್ಧ ನಮ್ಮ ಬಿ.ಕಾಂ. ಪುಸ್ತಕದಲ್ಲಿದೆ. ಈ ಸೀರೀಸ್‌ನಲ್ಲಿ ಎರಡನ್ನೂ ಹೇಳ್ತೀನಿ. ನನ್ನ ವಾದ ಮೊದಲೇ ಹೇಳಿಬಿಡ್ತೀನಿ: ಸತ್ತಾಗ ಬೆಲೆ ಇರೋ ಬ್ಯಾಟರಿ ವಾಪಸ್ ಬರುತ್ತೆ, ಬೆಲೆ ಇಲ್ಲದ್ದು ಕಸಕ್ಕೆ ಹೋಗುತ್ತೆ. ಹಾಗಾಗಿ ಸಣ್ಣ ಬ್ಯಾಟರಿಗಳಿಗೂ ಒಂದು ವಾಪಸಾತಿ ಬೆಲೆ ಕಟ್ಟಲೇಬೇಕು.

ಭಾಗ 2/7 🔋 ಕೊಡೋನು, ತಗೊಳ್ಳೋನು

ಸೈನ್ಸ್ ಅಂದ ತಕ್ಷಣ ಸ್ಕ್ರೋಲ್ ಮಾಡಬೇಡಿ. ಫಸ್ಟ್ ಸೆಮ್ ಅಕೌಂಟೆನ್ಸಿ ನೆನಪಿದ್ದರೆ ಬ್ಯಾಟರಿ ಅರ್ಥ ಆಗುತ್ತೆ.

ನಮ್ಮಲ್ಲಿ ಬಹಳ ಜನ ಬ್ಯಾಟರಿ ಅಂದರೆ ಕರೆಂಟ್ ತುಂಬಿಟ್ಟ ಡಬ್ಬಿ ಅಂದ್ಕೊಂಡಿದ್ದೀವಿ, ಬಿಂದಿಗೆಯಲ್ಲಿ ನೀರು ಇದ್ದ ಹಾಗೆ. ಅದು ತಪ್ಪು. ಬ್ಯಾಟರಿ ಒಳಗೆ ಕರೆಂಟ್ ಇರೋದಿಲ್ಲ, ರಾಸಾಯನಿಕಗಳು ಇರುತ್ತವೆ. ಒಂದು ಕಡೆ ಎಲೆಕ್ಟ್ರಾನ್ ಬಿಟ್ಟುಕೊಡೋಕೆ ತಯಾರಿರೋ ವಸ್ತು. ಇನ್ನೊಂದು ಕಡೆ ಎಲೆಕ್ಟ್ರಾನ್ ತಗೊಳ್ಳೋಕೆ ಕಾಯ್ತಾ ಇರೋ ವಸ್ತು. ಮಧ್ಯೆ ಎಲೆಕ್ಟ್ರೋಲೈಟ್ ಅನ್ನೋ ದ್ರವ ಅಥವಾ ಪೇಸ್ಟ್.

ಕೊಡೋನು ಮತ್ತು ತಗೊಳ್ಳೋನು. ಪರ್ಸನಲ್ ಅಕೌಂಟ್ ರೂಲ್ ಏನು? ಡೆಬಿಟ್ ದ ರಿಸೀವರ್, ಕ್ರೆಡಿಟ್ ದ ಗಿವರ್. ಮೈನಸ್ ಧ್ರುವ ಗಿವರ್, ಪ್ಲಸ್ ಧ್ರುವ ರಿಸೀವರ್. ಕೊಟ್ಟಷ್ಟೇ ತಗೊಳ್ಳಬೇಕು, ಎರಡೂ ಕಡೆ ಟ್ಯಾಲಿ ಆಗಲೇಬೇಕು. ಇಲ್ಲಿ ಒಂದು ಕಿತಾಪತಿ ಇದೆ: ಮಧ್ಯದ ಎಲೆಕ್ಟ್ರೋಲೈಟ್ ತನ್ನ ಮೂಲಕ ಅಯಾನುಗಳನ್ನ ಬಿಡುತ್ತೆ, ಎಲೆಕ್ಟ್ರಾನ್‌ಗಳನ್ನ ಬಿಡೋದಿಲ್ಲ. ಎಲೆಕ್ಟ್ರಾನ್‌ಗಳಿಗೆ ಆ ಕಡೆ ಹೋಗಲೇಬೇಕು ಅಂದರೆ ಹೊರಗಿನ ವೈರ್ ಸುತ್ತಿ ಹೋಗಬೇಕು. ಆ ದಾರೀಲಿ ನಾವು ಬಲ್ಬೋ ಫ್ಯಾನೋ ಫೋನೋ ಕೂರಿಸಿ ಕೆಲಸ ಮಾಡಿಸ್ಕೊತೀವಿ. ಟೋಲ್ ಗೇಟ್ ಹಾಕಿದ ಹಾಗೆ.

1800ರಲ್ಲಿ ಇಟಲಿಯ ಅಲೆಸಾಂಡ್ರೊ ವೋಲ್ಟಾ ಮಾಡಿದ್ದು ಇದನ್ನೇ. ಎರಡು ಬೇರೆ ಬೇರೆ ಲೋಹದ ಬಿಲ್ಲೆ, ಮಧ್ಯೆ ಉಪ್ಪು ನೀರಲ್ಲಿ ನೆನೆಸಿದ ರಟ್ಟು, ಹೀಗೆ ಒಂದರ ಮೇಲೊಂದು ಪೇರಿಸಿದ. ನಾವು ದಿನಾ ಹೇಳೋ 'ವೋಲ್ಟ್' ಅವನ ಹೆಸರೇ.

ಕೊಡೋ ವಸ್ತು ಖಾಲಿ ಆದರೆ ಬ್ಯಾಟರಿ ಸತ್ತಿತು. ಕೆಲವು ಬ್ಯಾಟರಿಗಳಲ್ಲಿ ಹೊರಗಿಂದ ಕರೆಂಟ್ ಕೊಟ್ಟು ಎಂಟ್ರಿನ ರಿವರ್ಸ್ ಮಾಡಬಹುದು, ಅದೇ ಚಾರ್ಜಿಂಗ್. ಪ್ರತಿ ಸಲ ರಿವರ್ಸ್ ಮಾಡಿದಾಗಲೂ ಒಂಚೂರು ವಸ್ತು ಹಾಳಾಗುತ್ತೆ. ನಾವು ಅದನ್ನ ಡಿಪ್ರಿಸಿಯೇಷನ್ ಅಂತೀವಿ. ಎರಡು ವರ್ಷ ಆದ ಫೋನ್ ನೂರು ಪರ್ಸೆಂಟ್ ತೋರಿಸಿದರೂ ಮಧ್ಯಾಹ್ನಕ್ಕೇ ಮಲಗೋದು ಇದಕ್ಕೇ.

ಒಂದು ಲೆಕ್ಕ ಕಲಿತ್ಕೊಳ್ಳಿ, ಜೀವನ ಪೂರ್ತಿ ಉಪಯೋಗಕ್ಕೆ ಬರುತ್ತೆ. ವೋಲ್ಟ್ × ಆಂಪಿಯರ್-ಅವರ್ = ವ್ಯಾಟ್-ಅವರ್. ಇದೇ ನಿಜವಾದ ಬ್ಯಾಲೆನ್ಸ್. ಮನೆ ಯುಪಿಎಸ್ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್: 1,800 ವ್ಯಾಟ್-ಅವರ್, ಅಂದರೆ 1.8 ಯೂನಿಟ್. ನಿಮ್ಮ 5,000 ಎಂಎಎಚ್ ಫೋನ್ ಬ್ಯಾಟರಿ ಸುಮಾರು 19 ವ್ಯಾಟ್-ಅವರ್. ಒಂದು ಯುಪಿಎಸ್ ಬ್ಯಾಟರಿ ಅಂದರೆ ಸುಮಾರು 95 ಫೋನ್‌ಗೆ ಸಮ. ಪವರ್ ಬ್ಯಾಂಕ್ ಮೇಲೆ 10,000 ಎಂಎಎಚ್ ಅಂತ ದಪ್ಪಕ್ಷರದಲ್ಲಿ ಬರೆದಿರೋದು ಒಳಗಿನ 3.7 ವೋಲ್ಟ್ ಲೆಕ್ಕ. ಹೊರಗೆ 5 ವೋಲ್ಟ್‌ನಲ್ಲಿ ಬರೋವಾಗ ಅದು 7,400 ದಾಟೋದಿಲ್ಲ, ಸೋರಿಕೆ ಕಳೆದರೆ ಇನ್ನೂ ಕಡಿಮೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ರೇಟೆಡ್ ಕೆಪಾಸಿಟಿ' ಅಂತ ಇರುತ್ತೆ, ಅದನ್ನ ಓದಿ.

ಭಾಗ 3/7 🔋 ಯೂನಿಟ್‌ಗೆ ಹತ್ತು ಸಾವಿರ ರೂಪಾಯಿ!

ಮೊದಲ ಜಾತಿ: ಒಂದೇ ಸಲ ಬಳಸಿ ಬಿಸಾಕೋದು. ಗಡಿಯಾರ, ರಿಮೋಟ್, ಟಾರ್ಚ್‌ಗೆ ಹಾಕೋ ಶೆಲ್ಲುಗಳು.

ಅಗ್ಗದ ಪೆನ್ಸಿಲ್ ಶೆಲ್ಲು ಸಾಮಾನ್ಯವಾಗಿ ಸತು-ಇಂಗಾಲದ್ದು. ಹೊರಗಿನ ಡಬ್ಬಿನೇ ಸತು, ಅದೇ ಗಿವರ್. ಒಳಗಿನ ಕಪ್ಪು ಪುಡಿ ಮ್ಯಾಂಗನೀಸ್ ಡೈಆಕ್ಸೈಡ್, ಅದು ರಿಸೀವರ್. ಮಧ್ಯದ ಇಂಗಾಲದ ಕಡ್ಡಿ ಬರೀ ದಾರಿ. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಮಾಡಿದ ಒದ್ದೆ ಸೆಲ್‌ನ ಮೊಮ್ಮಗ ಇದು. ಡಬ್ಬಿನೇ ಕರಗ್ತಾ ಹೋಗೋದರಿಂದ ಹಳೇ ಶೆಲ್ಲು ತೂತಾಗಿ ರಿಮೋಟ್ ಒಳಗೆ ಸೋರುತ್ತೆ. ಆಲ್ಕಲೈನ್ ಶೆಲ್ಲಿನಲ್ಲೂ ಇದೇ ಸತು ಮತ್ತು ಮ್ಯಾಂಗನೀಸ್, ಆದರೆ ಎಲೆಕ್ಟ್ರೋಲೈಟ್ ಕ್ಷಾರ. ಬೆಲೆ ಜಾಸ್ತಿ, ಬಾಳಿಕೆನೂ ಜಾಸ್ತಿ. ಎರಡೂ 1.5 ವೋಲ್ಟ್.

ತೂಕದ ಯಂತ್ರ, ಕಾರ್ ಕೀ, ಸಣ್ಣ ಆಟಿಕೆಗಳಲ್ಲಿರೋ ನಾಣ್ಯದ ಥರದ್ದು ಲಿಥಿಯಂ ಕಾಯಿನ್ ಸೆಲ್, 3 ವೋಲ್ಟ್. ಮನೇಲಿ ಚಿಕ್ಕ ಮಕ್ಕಳಿದ್ದರೆ ಇಲ್ಲಿ ಒಂದು ನಿಮಿಷ ನಿಲ್ಲಿ. ಮಗು ಇದನ್ನ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಗಾಯ ಆಗಬಹುದು. ಬಾಳೆಹಣ್ಣು ತಿನ್ನಿಸಿ ನೋಡೋಣ, ನಾಳೆ ಆಚೆ ಹೋಗುತ್ತೆ ಅಂತ ಕಾಯೋ ವಿಷಯ ಅಲ್ಲ. ಸೀದಾ ಆಸ್ಪತ್ರೆಗೆ.

ಈಗ ನಮ್ಮ ಕಾಸ್ಟಿಂಗ್. ಹತ್ತು ರೂಪಾಯಿ ಶೆಲ್ಲು ಸುಮಾರು 1 ವ್ಯಾಟ್-ಅವರ್ ಕೊಡುತ್ತೆ ಅಂತ ಹಿಡಿಯೋಣ. ಒಂದು ಯೂನಿಟ್ ಅಂದರೆ 1,000 ವ್ಯಾಟ್-ಅವರ್. ಅಂದರೆ ಶೆಲ್ಲಿನ ಕರೆಂಟು ಯೂನಿಟ್‌ಗೆ ಹತ್ತು ಸಾವಿರ ರೂಪಾಯಿ! ಮನೆ ಕರೆಂಟು ಯೂನಿಟ್‌ಗೆ ಹತ್ತು ರೂಪಾಯಿಯೂ ಇಲ್ಲ, ಆದರೂ ಬಿಲ್ ಬಂದಾಗ ಬೈತೀವಿ. ಶೆಲ್ಲು ಕೊಳ್ಳೋವಾಗ ಯಾರೂ ಬೈಯಲ್ಲ.

ಗೋಡೆ ಗಡಿಯಾರಕ್ಕೆ ಈ ಲೆಕ್ಕ ಬೇಡ, ಅದು ವರ್ಷಕ್ಕೆ ಒಂದು ಶೆಲ್ಲು ತಿನ್ನುತ್ತೆ, ತಿನ್ನಲಿ. ತಿಂಗಳಿಗೆ ಎರಡು ಸಲ ಶೆಲ್ಲು ಬದಲಿಸೋ ಆಟಿಕೆ, ಮೈಕ್, ಟಾರ್ಚ್ ಇದ್ದರೆ ಚಾರ್ಜ್ ಆಗೋ ನಿಕಲ್-ಮೆಟಲ್ ಹೈಡ್ರೈಡ್ ಶೆಲ್ಲು ತಗೊಳ್ಳಿ. ಅದರ ವೋಲ್ಟೇಜ್ 1.2, ಬಹುತೇಕ ಎಲ್ಲದಕ್ಕೂ ಸಾಕು. ಒಂದಕ್ಕೆ 200 ರೂಪಾಯಿ ಅಂತ ಹಿಡಿದರೂ, 500 ಸಲ ಚಾರ್ಜ್ ಮಾಡಿದರೆ ಯೂನಿಟ್‌ಗೆ 200ರ ಒಳಗೇ ಬೀಳುತ್ತೆ. ಹತ್ತು ಸಾವಿರ ಎಲ್ಲಿ, ಇನ್ನೂರು ಎಲ್ಲಿ.

ಸತ್ತ ಶೆಲ್ಲಿಗೆ ಸ್ಕ್ರ್ಯಾಪ್ ವ್ಯಾಲ್ಯೂ? ಮನೆ ಮಟ್ಟದಲ್ಲಿ ಸೊನ್ನೆ. ಅದಕ್ಕೇ ನಮ್ಮೆಲ್ಲರ ಮನೆ ಡ್ರಾಯರ್ ಅವಕ್ಕೆ ಸ್ಮಶಾನ.

ಭಾಗ 4/7 🔋 ಸೀಸ: ವಾಪಸ್ ಬರೋ ಬ್ಯಾಟರಿ

ಎರಡನೇ ಜಾತಿ ಸೀಸ-ಆಮ್ಲದ ಬ್ಯಾಟರಿ. ಯುಪಿಎಸ್, ಕಾರು, ಬಸ್ಸು, ಟ್ರ್ಯಾಕ್ಟರ್, ಎಲ್ಲದರಲ್ಲೂ ಇರೋದು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಕಂಡುಹಿಡಿದದ್ದು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಇದೇ.

ಒಂದು ತಟ್ಟೆ ಸೀಸ, ಇನ್ನೊಂದು ಸೀಸದ ಡೈಆಕ್ಸೈಡ್, ಮಧ್ಯೆ ನೀರು ಬೆರೆಸಿದ ಗಂಧಕಾಮ್ಲ. ಬಳಸ್ತಾ ಹೋದ ಹಾಗೆ ಎರಡೂ ತಟ್ಟೆ ಸೀಸದ ಸಲ್ಫೇಟ್ ಆಗ್ತವೆ, ಆಸಿಡ್ ತೆಳ್ಳಗಾಗುತ್ತೆ. ಚಾರ್ಜ್ ಮಾಡಿದರೆ ಎಲ್ಲಾ ಉಲ್ಟಾ. ಒಂದು ಸೆಲ್‌ಗೆ 2 ವೋಲ್ಟ್, ಆರು ಸೆಲ್ ಸೇರಿ 12. ಖಾಲಿ ಮಾಡಿ ವಾರಗಟ್ಟಲೆ ಹಾಗೇ ಬಿಟ್ಟರೆ ಸಲ್ಫೇಟ್ ಗಟ್ಟಿ ಆಗಿ ಕೂರುತ್ತೆ, ಮತ್ತೆ ಕರಗಲ್ಲ. ಊರಿಗೆ ಹೋಗಿ ಬಂದಾಗ ಕಾರು ಸ್ಟಾರ್ಟ್ ಆಗದೇ ಇರೋದಕ್ಕೆ ಬ್ಯಾಟರಿ ಮೆಕ್ಯಾನಿಕ್ ಹೇಳೋ ಕಾರಣಗಳಲ್ಲಿ ಇದೂ ಒಂದು. ಯುಪಿಎಸ್ ಬ್ಯಾಟರಿಗೆ ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್, ನಲ್ಲಿ ನೀರಲ್ಲ. ಬೋರ್‌ವೆಲ್ ನೀರಲ್ಲಂತೂ ಬೇಡವೇ ಬೇಡ.

ಇದರ ದೋಷ ತೂಕ. 95 ಫೋನ್ ಬ್ಯಾಟರಿ ಸೇರಿಸಿದರೆ ಸುಮಾರು 7 ಕೆಜಿ ಇರಬಹುದು. ಅಷ್ಟೇ ಶಕ್ತಿಯ ಯುಪಿಎಸ್ ಬ್ಯಾಟರಿ 50 ಕೆಜಿ ದಾಟುತ್ತೆ. 2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದ ಪುಟಾಣಿ ರೇವಾ ಎಲೆಕ್ಟ್ರಿಕ್ ಕಾರು ಓಡಿದ್ದು ಸೀಸದ ಬ್ಯಾಟರಿ ಮೇಲೇ. ಕಾರು ಅಷ್ಟು ಚಿಕ್ಕದಾಗಿ ಇರಬೇಕಾಗಿದ್ದಕ್ಕೆ, ಒಂದು ಚಾರ್ಜ್‌ಗೆ ದೂರ ಓಡದೇ ಇದ್ದಿದ್ದಕ್ಕೆ ಈ ತೂಕ ಒಂದು ದೊಡ್ಡ ಕಾರಣ.

ಆದರೆ ಇದರ ದೊಡ್ಡ ಗುಣ ಸಾವಿನಲ್ಲಿ ಕಾಣುತ್ತೆ. ತೂಕದ ಅರ್ಧಕ್ಕಿಂತ ಜಾಸ್ತಿ ಸೀಸ. ಸೀಸ 327 ಡಿಗ್ರಿಗೇ ಕರಗುತ್ತೆ. ಕರಗಿಸಿ ಮತ್ತೆ ಹೊಸ ತಟ್ಟೆ ಹೊಯ್ಯಬಹುದು, ಎಷ್ಟು ಸಲ ಬೇಕಾದರೂ. ಹಾಗಾಗಿ ಹಳೇ ಬ್ಯಾಟರಿ ಕಸ ಅಲ್ಲ, ರಾ ಮೆಟೀರಿಯಲ್. ಕಾನೂನೂ ಕೈ ಜೋಡಿಸಿತು. 2001ರ ಬ್ಯಾಟರಿ ನಿಯಮಗಳಲ್ಲಿ, ಹಳೇ ಸೀಸದ ಬ್ಯಾಟರಿ ತಂದುಕೊಟ್ಟ ಗ್ರಾಹಕರಿಗೆ ಡೀಲರ್ ಸೂಕ್ತ ರಿಯಾಯಿತಿ ಕೊಡಬೇಕು ಅಂತಲೇ ಇತ್ತು. ನಮ್ಮಪ್ಪನ ಬಿಲ್‌ನಲ್ಲಿ ಕಡಿಮೆ ಆದ ದುಡ್ಡು ಅಂಗಡಿಯವರ ಔದಾರ್ಯ ಅಲ್ಲ.

ಇಲ್ಲಿಗೇ ಕತೆ ಮುಗಿದಿದ್ದರೆ ಚೆನ್ನಾಗಿತ್ತು. 327 ಡಿಗ್ರಿ ಅಂದರೆ ಹಿತ್ತಲಲ್ಲಿ ಒಲೆ ಹಾಕಿಯೂ ಕರಗಿಸಬಹುದು ಅಂತ ಅರ್ಥ. ಲೈಸೆನ್ಸ್ ಇಲ್ಲದ ಕಡೆ ಹಾಗೇ ಕರಗಿಸ್ತಾರೆ, ಆಸಿಡ್ ಮಣ್ಣಿಗೆ, ಹೊಗೆ ಮಕ್ಕಳ ಶ್ವಾಸಕೋಶಕ್ಕೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂಠಿತ ಮಾಡುತ್ತೆ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆ 2020ರಲ್ಲಿ ಹೊರತಂದ ವರದಿ ಪ್ರಕಾರ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಆತಂಕಪಡುವಷ್ಟು ಇದೆ, ಕಾರಣಗಳಲ್ಲಿ ಈ ಕಳ್ಳ ರೀಸೈಕ್ಲಿಂಗ್ ದೊಡ್ಡದು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಸೀಸದ ವಿಷದ ಬಗ್ಗೆ ದಶಕಗಳ ಕಾಲ ಎಚ್ಚರಿಸ್ತಾ ಬಂದವರು.

ಅಂದರೆ ಪಾಠ ಎರಡು. ಬೆಲೆ ಇದ್ದರೆ ಬ್ಯಾಟರಿ ವಾಪಸ್ ಬರುತ್ತೆ. ಆದರೆ ಎಲ್ಲಿಗೆ ವಾಪಸ್ ಹೋಗುತ್ತೆ ಅಂತ ಯಾರಾದರೂ ನೋಡ್ತಾ ಇರಬೇಕು.

ಭಾಗ 5/7 🔋 ಲಿಥಿಯಂ: ಯಾರಿಗೂ ಬೇಡದ ಹೆಣ

ಮೂರನೇ ಜಾತಿ ನಿಮ್ಮ ಕೈಯಲ್ಲೇ ಇದೆ, ಇದನ್ನ ಓದ್ತಾ ಇರೋ ಫೋನಿನಲ್ಲಿ.

ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದಿದ್ದು 1991ರಲ್ಲಿ, ಸೋನಿ ಕಂಪನಿಯಿಂದ. ಇದರ ಹಿಂದಿನ ಕೆಲಸಕ್ಕೆ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟ್ಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಮೂವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ! ಇಂಟರ್ನಲ್ಸ್‌ಗೆ ಲೇಟಾಯ್ತು ಅಂತ ಅಳೋರು ಗಮನಿಸಿ.

ಒಳಗೆ ಒಂದು ಕಡೆ ಗ್ರಾಫೈಟ್, ಪೆನ್ಸಿಲ್ ಸೀಸ ಅಂತೀವಲ್ಲ, ಆ ಇಂಗಾಲ. ಇನ್ನೊಂದು ಕಡೆ ಲೋಹದ ಆಕ್ಸೈಡ್. ಲಿಥಿಯಂ ಅಯಾನುಗಳು ಈ ಎರಡರ ಪದರಗಳ ಮಧ್ಯೆ ಉಯ್ಯಾಲೆ ಥರ ಹೋಗಿ ಬರ್ತಾ ಇರುತ್ತವೆ. ಲಿಥಿಯಂ ಅತ್ಯಂತ ಹಗುರ ಲೋಹ, ಎಲೆಕ್ಟ್ರಾನ್ ಬಿಟ್ಟುಕೊಡೋದರಲ್ಲಿ ಧಾರಾಳಿ. ಅದಕ್ಕೇ ಒಂದು ಸೆಲ್‌ಗೇ 3.6, 3.7 ವೋಲ್ಟ್ ಸಿಗುತ್ತೆ. ತೊಂದರೆ ಏನಂದರೆ, ಇಷ್ಟು ವೋಲ್ಟೇಜ್‌ಗೆ ನೀರು ನಿಲ್ಲಲ್ಲ. ಹಾಗಾಗಿ ಎಲೆಕ್ಟ್ರೋಲೈಟ್ ಆಗಿ ಹಾಕಿರೋದು ಬೆಂಕಿ ಹೊತ್ತೋ ಸಾವಯವ ದ್ರಾವಕ.

ಎರಡು ಕಡೆಯ ಮಧ್ಯೆ ಪ್ಲಾಸ್ಟಿಕ್‌ನ ತೆಳು ಪೊರೆ ಇದೆ. ಬಿದ್ದೋ, ಜಜ್ಜಿಯೋ, ವಿಪರೀತ ಬಿಸಿ ಆಗಿಯೋ ಅದು ಹರಿದರೆ ಒಳಗೇ ಶಾರ್ಟ್. ಬಿಸಿ ಇನ್ನಷ್ಟು ಬಿಸಿ ಹುಟ್ಟಿಸುತ್ತೆ, ಬೆಂಕಿ ತನ್ನನ್ನ ತಾನೇ ಊದಿಕೊಳ್ಳುತ್ತೆ. ನನ್ನ ಪವರ್ ಬ್ಯಾಂಕ್ ಹೊಟ್ಟೆ ಊದಿದ್ದು ಒಳಗಿನ ದ್ರಾವಕ ಒಡೆದು ಗ್ಯಾಸ್ ಆಗಿ. ಅದನ್ನ ಕಸದ ಲಾರಿಯ ಒತ್ತೋ ಯಂತ್ರಕ್ಕೆ ಹಾಕಿದರೆ ಏನಾಗುತ್ತೆ, ನೀವೇ ಊಹಿಸಿ. ಗುಜರಿ ಅಣ್ಣ ಕೆಮಿಸ್ಟ್ರಿ ಓದಿಲ್ಲ, ಆದರೆ ಉತ್ತರ ಸರಿಯಾಗಿ ಬರೆದರು.

ಲಿಥಿಯಂನಲ್ಲೂ ಉಪಜಾತಿಗಳಿವೆ. ಸ್ಕೂಟರ್ ಕೊಳ್ಳೋ ಮುಂಚೆ ಇದನ್ನ ಕೇಳಲೇಬೇಕು. ಫೋನಿನಲ್ಲಿ ಹೆಚ್ಚಾಗಿ ಕೋಬಾಲ್ಟ್ ಆಕ್ಸೈಡ್. ಅನೇಕ ಎಲೆಕ್ಟ್ರಿಕ್ ಗಾಡಿಗಳಲ್ಲಿ ಎನ್‌ಎಂಸಿ, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್: ಹಗುರ, ದೂರ ಓಡುತ್ತೆ. ಇನ್ನೊಂದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್: ಸ್ವಲ್ಪ ಭಾರ, 3.2 ವೋಲ್ಟ್, ಆದರೆ ಬಿಸಿಯನ್ನ ಚೆನ್ನಾಗಿ ತಡೆಯುತ್ತೆ, ಜಾಸ್ತಿ ಸಲ ಚಾರ್ಜ್ ಆಗುತ್ತೆ. ಎಲ್‌ಎಫ್‌ಪಿ ಬಗ್ಗೆ 1997ರಲ್ಲಿ ಗುಡ್‌ಇನಫ್ ಜೊತೆ ಸಂಶೋಧನಾ ಲೇಖನ ಬರೆದ ಇನ್ನಿಬ್ಬರ ಹೆಸರು ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ಹೆಸರು ನೋಡಿ ನನಗೂ ಒಂಥರಾ ಖುಷಿ ಆಯ್ತು.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ. ಹಳೇ ಲಿಥಿಯಂ ಬ್ಯಾಟರಿಗೆ ರೀಸೈಕಲ್ ಮಾಡೋರು ಬೆಲೆ ಕೊಡೋದು ಮುಖ್ಯವಾಗಿ ಕೋಬಾಲ್ಟ್ ಮತ್ತು ನಿಕಲ್ ಆಸೆಗೆ. ಎಲ್‌ಎಫ್‌ಪಿಯಲ್ಲಿ ಅವೆರಡೂ ಇಲ್ಲ, ಇರೋದು ಕಬ್ಬಿಣ ಮತ್ತು ಫಾಸ್ಫೇಟ್. ಅಂದರೆ ಯಾವ ಬ್ಯಾಟರಿ ಬದುಕಿದ್ದಾಗ ಹೆಚ್ಚು ಸುರಕ್ಷಿತವೋ, ಅಗ್ಗವೋ, ಅದಕ್ಕೇ ಸತ್ತಾಗ ಬೆಲೆ ಕಡಿಮೆ. ನಾಳೆ ಎಲ್ಲರೂ ಎಲ್‌ಎಫ್‌ಪಿ ಕಡೆ ಹೋದರೆ, ಬರೀ ಮಾರುಕಟ್ಟೆ ನಂಬಿಕೊಂಡರೆ, ಅವುಗಳನ್ನ ಹೊತ್ಕೊಂಡು ಹೋಗೋಕೆ ಯಾರೂ ಬರಲ್ಲ.

ಭಾಗ 6/7 🔋 'ಮಾಡಬಹುದು' ಅಲ್ಲ, 'ಮಾಡಲೇಬೇಕು'

ಕಾನೂನು ಇಲ್ವಾ? ಇದೆ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022. ಹಳೇ 2001ರ ನಿಯಮ ಬರೀ ಸೀಸಕ್ಕಿತ್ತು. ಹೊಸದು ಗಡಿಯಾರದ ಶೆಲ್ಲಿಂದ ಹಿಡಿದು ಎಲೆಕ್ಟ್ರಿಕ್ ಬಸ್ಸಿನ ಬ್ಯಾಟರಿವರೆಗೂ ಎಲ್ಲದಕ್ಕೂ. ತಯಾರು ಮಾಡೋ, ಆಮದು ಮಾಡೋ ಕಂಪನಿನೇ ಹಳೇದನ್ನ ವಾಪಸ್ ತಗೊಂಡು ರೀಸೈಕಲ್ ಮಾಡಿಸೋ ಹೊಣೆ ಹೊರಬೇಕು. ನಮಗೂ ಒಂದು ಕರ್ತವ್ಯ ಇದೆ: ಬೇರೆ ಕಸದ ಜೊತೆ ಬ್ಯಾಟರಿ ಬೆರೆಸಬಾರದು. ಬ್ಯಾಟರಿ ಮೇಲೆ ಅಡ್ಡಗೆರೆ ಎಳೆದ ಚಕ್ರದ ಕಸದ ಡಬ್ಬಿ ಚಿಹ್ನೆ ಇರುತ್ತಲ್ಲ, ಅದು ಹೇಳೋದು ಇದನ್ನೇ.

ಅದೇ ನಿಯಮಗಳಲ್ಲಿ ಇನ್ನೊಂದು ಸಾಲಿದೆ. ಕಂಪನಿಗಳು ಹಳೇ ಬ್ಯಾಟರಿ ವಾಪಸ್ ಪಡೆಯೋಕೆ ಠೇವಣಿ-ಮರುಪಾವತಿ ಥರದ ಯೋಜನೆ ಮಾಡಬಹುದು. ಬಿಸಿನೆಸ್ ಲಾ ಕ್ಲಾಸಲ್ಲಿ ನಿದ್ದೆ ಮಾಡದೇ ಇದ್ದೋರಿಗೆ ಗೊತ್ತು, 'ಮೇ' ಮತ್ತು 'ಶಲ್' ಮಧ್ಯೆ ಎಷ್ಟು ದೂರ ಅಂತ. 'ಮಾಡಬಹುದು' ಅಂದರೆ ಮಾಡದೇನೂ ಇರಬಹುದು.

ನಾನು ಕೇಳೋದು ಆ ಒಂದು ಪದದ ಬದಲಾವಣೆ. ಪವರ್ ಬ್ಯಾಂಕ್, ಇಯರ್‌ಬಡ್ಸ್, ಫೋನ್ ಬ್ಯಾಟರಿ, ಸ್ಕೂಟರ್ ಬ್ಯಾಟರಿ ಯಾವುದೇ ಕೊಳ್ಳಿ, ಬೆಲೆ ಜೊತೆ ಒಂದು ಸಣ್ಣ ಠೇವಣಿ ಕಟ್ಟಿ. ಸತ್ತಾಗ ಯಾವ ಮೊಬೈಲ್ ಅಂಗಡಿಗೆ ಕೊಟ್ಟರೂ ಠೇವಣಿ ವಾಪಸ್. ಇದೇನು ಹೊಸ ಐಡಿಯಾ ಅಲ್ಲ. ಗೋಲಿ ಸೋಡಾ ಬಾಟ್ಲಿನ ನಮ್ಮ ತಾತಂದಿರು ವಾಪಸ್ ಕೊಡ್ತಾ ಇದ್ದದ್ದು ಪರಿಸರ ಪ್ರೇಮಕ್ಕಲ್ಲ, ಕೊಡದಿದ್ದರೆ ದುಡ್ಡು ಹೋಗ್ತಿತ್ತು. ಪಕ್ಕದ ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಸರ್ಕಾರಿ ಮದ್ಯದ ಅಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ತಗೊಂಡು, ಖಾಲಿ ಬಾಟಲಿ ತಂದರೆ ವಾಪಸ್ ಕೊಡೋ ಪದ್ಧತಿ ಬಂತು. ಕಾಡಿನಲ್ಲಿ ಆನೆಗಳ ಕಾಲಿಗೆ ಗಾಜು ಚುಚ್ಚಬಾರದು ಅಂತ. ಕುಡಿದೋರೇ ಬಾಟ್ಲಿ ವಾಪಸ್ ತರೋ ಹಾಗೆ ಮಾಡಬಹುದಾದರೆ, ಡಿಗ್ರಿ ಓದೋ ನಾವು ಪವರ್ ಬ್ಯಾಂಕ್ ವಾಪಸ್ ತರಲ್ವಾ?

ನನ್ನ ಫ್ರೆಂಡ್ ಒಬ್ಬ ಇದಕ್ಕೆ ಸರಿಯಾದ ಪ್ರಶ್ನೆನೇ ಕೇಳಿದ: "ಹಾಗಾದರೆ ರೇಟ್ ಜಾಸ್ತಿ ಆಗಲ್ವಾ? ಕಡಿಮೆ ದುಡ್ಡಲ್ಲಿ ಫೋನ್ ತಗೊಳ್ಳೋನಿಗೆ ಹೊರೆ ಅಲ್ವಾ?" ಕೊಳ್ಳೋ ದಿನ ಹೊರೆ ಹೌದು, ಒಪ್ಪಿದೆ. ಆದರೆ ಅದು ಖರ್ಚಲ್ಲ, ಡೆಪಾಸಿಟ್. ರೂಮ್ ಅಡ್ವಾನ್ಸ್ ಥರ, ಆದರೆ ಪೇಂಟಿಂಗ್ ಚಾರ್ಜ್ ಅಂತ ಮುರ್ಕೊಳ್ಳದೇ ಇರೋ ಅಡ್ವಾನ್ಸ್. ಇನ್ನೊಂದು, ಈಗ ಆ ಹೊರೆ ಇಲ್ಲ ಅಂತಲ್ಲ, ಬೇರೆಯವರು ಹೊರ್ತಾ ಇದ್ದಾರೆ. ಕಸ ವಿಂಗಡಿಸೋ ಕೈಗಳು, ಡಂಪಿಂಗ್ ಯಾರ್ಡ್ ಪಕ್ಕದ ಹಳ್ಳಿಯ ಬೋರ್‌ವೆಲ್‌ಗಳು. ಎಕನಾಮಿಕ್ಸ್‌ನಲ್ಲಿ ಇದಕ್ಕೆ ಎಕ್ಸ್‌ಟರ್ನಾಲಿಟಿ ಅಂತ ಹೆಸರಿಟ್ಟು ಐದು ಮಾರ್ಕ್ಸ್‌ಗೆ ಬರೀತೀವಿ. ಮಜಾ ಒಬ್ಬರದ್ದು, ಬಿಲ್ ಇನ್ನೊಬ್ಬರದ್ದು.

ಸೀಸದ ಪಾಠನೂ ಮರೆಯೋ ಹಾಗಿಲ್ಲ. ಠೇವಣಿ ಬರೀ ವಾಪಸ್ ತರುತ್ತೆ, ಸರಿಯಾದ ಜಾಗಕ್ಕೆ ಸೇರಿಸಲ್ಲ. ಅಂಗಡಿಯಿಂದ ನೋಂದಾಯಿತ ರೀಸೈಕ್ಲರ್‌ವರೆಗೆ ಪ್ರತಿ ಬ್ಯಾಟರಿಗೂ ಲೆಕ್ಕ ಇರಬೇಕು. ಗುಜರಿ ಅಣ್ಣನನ್ನ ಇದರಿಂದ ಹೊರಗಿಡಬಾರದು, ತರಬೇತಿ ಕೊಟ್ಟು, ಮರಳಿನ ಡಬ್ಬ ಕೊಟ್ಟು, ಕಮಿಷನ್ ಕೊಟ್ಟು ಒಳಗೆ ತರಬೇಕು. ಊರಿನ ಪ್ರತಿ ಬೀದಿ ಗೊತ್ತಿರೋದು ಅವರಿಗೇ.

"ಮಂಡ್ಯದಲ್ಲೇ ಲಿಥಿಯಂ ಸಿಕ್ಕಿದೆಯಲ್ಲ, ಹಳೇ ಬ್ಯಾಟರಿ ಯಾಕೆ ಬೇಕು?" ಅನ್ನೋರಿಗೆ: ಮಾರ್ಲಗಲ್ಲ-ಅಲ್ಲಾಪಟ್ನ ಪ್ರದೇಶದಲ್ಲಿ ಇರೋದು ಅಂದಾಜು 1,600 ಟನ್ ಅಂತ ಕೇಂದ್ರ ಸರ್ಕಾರವೇ 2021ರಲ್ಲಿ ಸಂಸತ್ತಿಗೆ ಹೇಳಿದೆ. ಒಂದು ಎಲೆಕ್ಟ್ರಿಕ್ ಕಾರಿಗೆ ಸುಮಾರು 8 ಕೆಜಿ ಲಿಥಿಯಂ ಅಂತ ಹಿಡಿದರೆ, ಒಂದು ಚೂರೂ ಬಿಡದೆ ತೆಗೆದರೂ ಎರಡು ಲಕ್ಷ ಕಾರಿಗೆ ಮುಗೀತು. ಅಷ್ಟಕ್ಕೇ ನೆಲ ಅಗೆಯೋಕೆ ತಯಾರಿರೋ ನಾವು, ನಮ್ಮ ಡ್ರಾಯರ್‌ಗಳನ್ನ ಒಂದು ಸಲ ಅಗೆದು ನೋಡಬಾರದಾ?

ಭಾಗ 7/7 🔋 ನಾಳೆಯಿಂದ ನಾವು

ಕಾನೂನು ಬದಲಾಗೋಕೆ ಟೈಮ್ ಬೇಕು. ಅಲ್ಲೀವರೆಗೆ ಇಷ್ಟು ಮಾಡೋಣ. ಈ ಭಾಗ ಸೇವ್ ಮಾಡ್ಕೊಳ್ಳಿ.

👉 ಊದಿದ ಬ್ಯಾಟರಿ: ಚಾರ್ಜ್ ಮಾಡಬೇಡಿ, ಒತ್ತಬೇಡಿ, ಪಿನ್ ಚುಚ್ಚಿ ಗಾಳಿ ತೆಗೆಯೋ ಸಾಹಸ ಬೇಡವೇ ಬೇಡ. ಒಣ ಮರಳು ಹಾಕಿದ ಹಳೇ ತಗಡಿನ ಡಬ್ಬದಲ್ಲಿ, ಮುಚ್ಚಳ ಬಿಗಿ ಮಾಡದೆ, ಬಿಸಿಲು ಮಳೆ ಬೀಳದ ಹೊರಗಿನ ಜಾಗದಲ್ಲಿಡಿ. ಆದಷ್ಟು ಬೇಗ ಇ-ವೇಸ್ಟ್ ತಗೊಳ್ಳೋ ಕೇಂದ್ರಕ್ಕೆ ಮುಟ್ಟಿಸಿ.

👉 ಚೆನ್ನಾಗಿರೋ ಹಳೇ ಬ್ಯಾಟರಿ: ಎರಡೂ ತುದಿಗೆ ಸೆಲ್ಲೋ ಟೇಪ್ ಅಂಟಿಸಿ ಇಡಿ. ಬೀಗದ ಕೈ, ಚಿಲ್ಲರೆ ಜೊತೆ ಒಂದೇ ಡ್ರಾಯರ್‌ನಲ್ಲಿ ಬೇಡ, ಶಾರ್ಟ್ ಆಗುತ್ತೆ.

👉 ಫೋನ್: ಬಿಸಿಯೇ ಅದರ ಶತ್ರು. ದಿಂಬಿನ ಕೆಳಗೆ ಚಾರ್ಜಿಗೆ ಹಾಕಿ ಮಲಗಬೇಡಿ. 20ರಿಂದ 80 ಪರ್ಸೆಂಟ್ ಮಧ್ಯೆ ಇಟ್ಕೊಂಡರೆ ಆಯಸ್ಸು ಜಾಸ್ತಿ.

👉 ಸ್ಕೂಟರ್ ಕೊಳ್ಳೋವಾಗ: ಮೂರು ಪ್ರಶ್ನೆ ಕೇಳಿ. ಎನ್‌ಎಂಸಿನಾ ಎಲ್‌ಎಫ್‌ಪಿನಾ? ವಾರಂಟಿ ಮುಗಿಯೋವಾಗ ಎಷ್ಟು ಕೆಪಾಸಿಟಿ ಉಳಿಯುತ್ತೆ ಅಂತ ಬರೆದುಕೊಡ್ತೀರಾ? ಸತ್ತ ಮೇಲೆ ಯಾರು ವಾಪಸ್ ತಗೋತಾರೆ? ಮೂರನೇ ಪ್ರಶ್ನೆಗೆ ಸೇಲ್ಸ್‌ನವರು ತಲೆ ಕೆರ್ಕೊಂಡರೆ ಪರವಾಗಿಲ್ಲ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ರೆಡಿ ಇರುತ್ತೆ.

👉 ಕ್ಲಾಸ್‌ಮೇಟ್ಸ್‌ಗೆ: ಕಾಲೇಜಲ್ಲಿ ಪೆನ್ಸಿಲ್ ಶೆಲ್ಲು, ಕಾಯಿನ್ ಸೆಲ್ ಸಂಗ್ರಹಕ್ಕೆ ಒಂದು ಡಬ್ಬ ಇಡೋಕೆ ಪ್ರಿನ್ಸಿಪಾಲರಿಗೆ ಪತ್ರ ಬರೀತಾ ಇದ್ದೀನಿ. ಟೇಪ್ ಅಂಟಿಸಿದ್ದು ಮಾತ್ರ. ಊದಿದ ಲಿಥಿಯಂ ಅದರೊಳಗೆ ಖಂಡಿತ ಬೇಡ. ಸೈನ್ ಹಾಕೋರು ಸೋಮವಾರ ಕ್ಯಾಂಟೀನ್ ಹತ್ರ ಸಿಗಿ.

ನನ್ನ ಪವರ್ ಬ್ಯಾಂಕ್ ಏನಾಯ್ತು? ಹನ್ನೊಂದು ದಿನ ಮೆಟ್ಟಿಲ ಕೆಳಗೆ ಮರಳಿನ ಡಬ್ಬದಲ್ಲಿ ಕೂತಿತ್ತು. ಅಮ್ಮ ದಿನಾ ಬೆಳಿಗ್ಗೆ ಅದನ್ನ ಹಾವು ನೋಡೋ ಥರ ನೋಡಿ ಪಕ್ಕದಲ್ಲಿ ರಂಗೋಲಿ ಹಾಕ್ತಿದ್ದರು. ಕೊನೆಗೆ ಎರಡು ಬಸ್ ಬದಲಿಸಿ ಇ-ವೇಸ್ಟ್ ಕೇಂದ್ರಕ್ಕೆ ಕೊಟ್ಟು ಬಂದೆ. ಬಸ್ ಚಾರ್ಜ್ ನನ್ನದೇ, ವಾಪಸ್ ಬಂದ ದುಡ್ಡು ಸೊನ್ನೆ.

ಈ ಲೆಕ್ಕ ಸರಿ ಇಲ್ಲ ಅನ್ನೋದೇ ನನ್ನ ತಕರಾರು. ಕಸಕ್ಕೆ ಎಸೆದರೆ ಫ್ರೀ, ಸರಿಯಾಗಿ ಕೊಟ್ಟರೆ ಕೈಯಿಂದ ಖರ್ಚು. ಇದನ್ನ ಉಲ್ಟಾ ಮಾಡದೆ "ಜನಕ್ಕೆ ಬುದ್ಧಿ ಇಲ್ಲ" ಅಂತ ಬೈದು ಪ್ರಯೋಜನ ಇಲ್ಲ. ಜನಕ್ಕೆ ಬುದ್ಧಿ ಇದೆ, ಅದಕ್ಕೇ ಸೀಸದ ಬ್ಯಾಟರಿನ ಯಾರೂ ಕಸಕ್ಕೆ ಹಾಕಲ್ಲ.

ನಿಮ್ಮ ಡ್ರಾಯರ್‌ನಲ್ಲಿ ಎಷ್ಟು ಸತ್ತ ಬ್ಯಾಟರಿ ಇವೆ? ಎಣಿಸಿ ಕಾಮೆಂಟ್‌ನಲ್ಲಿ ಹಾಕಿ. ನಮ್ಮನೇದು: ಹದಿನೇಳು.

#ಬ್ಯಾಟರಿ #ಲೆಕ್ಕಾಚಾರ #ಬಿಕಾಂಹುಡುಗ #ಕನ್ನಡದಲ್ಲಿಓದಿ #ಸತ್ತಬ್ಯಾಟರಿಗೂಬೆಲೆ